ನಾಯಿಯ ಉಗುರು ಕತ್ತರಿಸುವಾಗ ಎಲ್ಲಿ ನಿಲ್ಲಿಸಬೇಕು

ಟೈಲ್ಸ್ ನೆಲದ ಮೇಲೆ ನಾಯಿ ಓಡಾಡುವಾಗ ‘ಟಕ್ ಟಕ್’ ಸದ್ದು ಅಡುಗೆಮನೆವರೆಗೂ ಕೇಳಿಸುತ್ತಿದ್ದರೆ ಅದರ ಉಗುರು ಬೆಳೆದಿದೆ ಎಂದೇ ತಿಳಿಯಬೇಕು. ಅನುಮಾನವಿದ್ದರೆ, ನಾಯಿ ನಾಲ್ಕೂ ಕಾಲಿನ ಮೇಲೆ ಸಮನಾಗಿ ನಿಂತಿರುವಾಗ ಉಗುರಿನ ಕೆಳಗೆ ಒಂದು ಹಾಳೆ ತೂರಿಸಿ ನೋಡಿ. ತಡೆಯಿಲ್ಲದೆ ಸರಿದರೆ ಉದ್ದ ಸರಿಯಾಗಿದೆ. ಉಗುರಿಗೆ ತಾಗಿ ಮಡಚಿಕೊಂಡರೆ ಕತ್ತರಿಸುವ ಹೊತ್ತು ಬಂದಿದೆ.

ಎಲ್ಲ ನಾಯಿಗೂ ಈ ಕೆಲಸ ಬೇಕಾಗುವುದಿಲ್ಲ. ಶಿರಾ, ಪಾವಗಡದ ಕಡೆ ಕುರಿಮಂದೆಯ ಜೊತೆ ದಿನವಿಡೀ ಗರಸು ನೆಲದಲ್ಲಿ ತಿರುಗುವ ನಾಯಿಯ ಉಗುರನ್ನು ನೆಲವೇ ಸವೆಸುತ್ತದೆ. ಕೋಲಾರದ ಅಂತರಗಂಗೆ ಬೆಟ್ಟದ ಬುಡದಲ್ಲೋ ಮಧುಗಿರಿಯ ಬಂಡೆಯ ಆಸುಪಾಸಿನಲ್ಲೋ ಬೀದಿ ತಿರುಗಿ ಬೆಳೆಯುವ ನಾಯಿಗೂ ಅಷ್ಟೇ. ತೊಂದರೆ ಇರುವುದು ತುಮಕೂರಿನ ಬಡಾವಣೆಯ ಮನೆಗಳಲ್ಲಿ, ಚಿಕ್ಕಬಳ್ಳಾಪುರದ ತಾರಸಿಗಳ ಮೇಲೆ ಬೆಳೆಯುವ ನಾಯಿಗಳಿಗೆ. ನುಣುಪು ಟೈಲ್ಸು ಉಗುರನ್ನು ಸವೆಸುವುದಿಲ್ಲ. ತೋಟದಲ್ಲಿ ಉತ್ತ ಕೆಂಪು ಮಣ್ಣಿನ ಮೇಲಷ್ಟೇ ಓಡಾಡುವ ನಾಯಿಯ ಉಗುರೂ ನಾವು ಅಂದುಕೊಂಡಷ್ಟು ಸವೆಯುವುದಿಲ್ಲ. ಮೆತ್ತನೆ ಮಣ್ಣಿಗೆ ಉಜ್ಜುವ ಗುಣವಿಲ್ಲ.

ಮುಂಗಾಲಿನ ಒಳಬದಿಯಲ್ಲಿ, ಸ್ವಲ್ಪ ಮೇಲಕ್ಕಿರುವ ಹೆಬ್ಬೆರಳಿನ ಉಗುರಿನ ಕಥೆಯೇ ಬೇರೆ. ನಡೆಯುವಾಗ ಅದು ನೆಲಕ್ಕೆ ತಾಗುವುದೇ ಇಲ್ಲ. ಹಾಗಾಗಿ ಕುರಿ ಕಾಯುವ ನಾಯಿಗೂ ಆ ಉಗುರನ್ನು ನಾವೇ ನೋಡಿಕೊಳ್ಳಬೇಕು. ಬಿಟ್ಟರೆ ಬಳೆಯಂತೆ ಸುತ್ತಿ ಬೆಳೆದು ತುದಿ ಚರ್ಮದೊಳಕ್ಕೇ ಇಳಿಯುತ್ತದೆ. ಪೊಮೆರೇನಿಯನ್‌ನಂಥ ದಟ್ಟ ಕೂದಲಿನ ನಾಯಿಗಳಲ್ಲಿ ಕೀವಾಗಿ ವಾಸನೆ ಬರುವವರೆಗೂ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ಉದ್ದ ಉಗುರು ನೋಡಲು ಚೆನ್ನಾಗಿಲ್ಲ ಅನ್ನುವುದಷ್ಟೇ ಆಗಿದ್ದರೆ ಬಿಟ್ಟುಬಿಡಬಹುದಿತ್ತು. ಹೆಜ್ಜೆ ಇಟ್ಟಾಗಲೆಲ್ಲ ನೆಲ ಆ ಉಗುರನ್ನು ಹಿಂದಕ್ಕೆ ಒತ್ತುತ್ತದೆ. ಬೆರಳು ಮೇಲಕ್ಕೋ ಪಕ್ಕಕ್ಕೋ ತಿರುಗುತ್ತದೆ, ಕೀಲಿನ ಮೇಲೆ ಭಾರ ಬೀಳುತ್ತದೆ. ಪಾದದ ಮೆತ್ತೆ ನೆಲವನ್ನು ಸರಿಯಾಗಿ ಹಿಡಿಯದೆ ನಾಯಿ ಜಾರುತ್ತದೆ. ವಯಸ್ಸಾದ ನಾಯಿಗೆ ಹಿಂಗಾಲು ಜಾರುವುದಕ್ಕೆ ಎಲ್ಲರೂ ಸಂಧಿವಾತವನ್ನೇ ದೂರುತ್ತಾರೆ. ಎಷ್ಟೋ ಸಲ ಅರ್ಧ ಕಾರಣ ಉಗುರಿನಲ್ಲಿರುತ್ತದೆ. ಕಾಲೊರಸಿನ ದಾರಕ್ಕೋ ಗೋಣಿಯ ಎಳೆಗೋ ಸಿಕ್ಕಿಕೊಂಡು ಉದ್ದ ಉಗುರು ಬುಡದವರೆಗೂ ಸೀಳುವುದುಂಟು. ಕತ್ತರಿಸುವಾಗ ಆಗಬಹುದಾದ ಸಣ್ಣ ಗಾಯದ ನೋವು ಅದರ ಮುಂದೆ ಏನೂ ಅಲ್ಲ.

ಉಗುರಿನ ಜೀವ

ಮನುಷ್ಯರ ಉಗುರು ಚಪ್ಪಟೆ ಹಲಗೆ. ಎಲ್ಲಿಯವರೆಗೆ ಮಾಂಸ, ಎಲ್ಲಿಂದ ಬರೀ ಉಗುರು ಎಂಬುದು ನೋಡಿದರೇ ತಿಳಿಯುತ್ತದೆ. ನಾಯಿಯ ಉಗುರು ಕೊಳವೆ. ಹೊರಗಿನ ಗಟ್ಟಿ ಕವಚ ಕೆರಾಟಿನ್‌ನದು. ಹಸುವಿನ ಗೊರಸೂ ಕೊಂಬಿನ ಹೊರಪದರವೂ ಅದೇ ವಸ್ತು. ಅದರಲ್ಲಿ ನರವಿಲ್ಲ, ರಕ್ತವಿಲ್ಲ. ಕವಚದೊಳಗೆ ಬುಡದಿಂದ ಮುಂದಕ್ಕೆ ಚಾಚಿಕೊಂಡ ಮೆತ್ತನೆಯ ಭಾಗವೊಂದಿದೆ. ರಕ್ತನಾಳ, ನರ ಎರಡೂ ಅಲ್ಲಿವೆ. ವೈದ್ಯರು ಇದನ್ನು ಕ್ವಿಕ್ ಅನ್ನುತ್ತಾರೆ. ಉಗುರಿನ ಜೀವ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಅದರೊಳಗೆ ಬೆರಳಿನ ಕೊನೆಯ ಮೂಳೆ. ಜೀವಕ್ಕೆ ಅಲಗು ತಾಗಿದರೆ ರಕ್ತ ಬರುತ್ತದೆ, ನಾಯಿ ಕಿರುಚುತ್ತದೆ, ಮುಂದಿನ ಸಲ ಕಟರ್ ಕಂಡರೆ ಮಂಚದಡಿ ಸೇರುತ್ತದೆ.

ಈ ಜೀವ ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ ಅನ್ನುವುದನ್ನು ಬಹಳ ಮಂದಿ ಗಮನಿಸಿರುವುದಿಲ್ಲ. ಉಗುರು ಉದ್ದವಾಗುತ್ತ ಹೋದಂತೆ ಜೀವವೂ ಅದರ ಹಿಂದೆಯೇ ಮುಂದಕ್ಕೆ ಬರುತ್ತದೆ. ಆಗಾಗ ಸ್ವಲ್ಪಸ್ವಲ್ಪವೇ ಕತ್ತರಿಸುತ್ತಿದ್ದರೆ ಹಿಂದಕ್ಕೆ ಸರಿಯುತ್ತದೆ. ವರ್ಷಗಟ್ಟಲೆ ಬಿಟ್ಟ ಉಗುರನ್ನು ಒಂದೇ ದಿನದಲ್ಲಿ ಗಿಡ್ಡ ಮಾಡಲು ಹೊರಟರೆ ರಕ್ತ ಬಾರದೆ ಇರಲು ಸಾಧ್ಯವೇ ಇಲ್ಲ. ಉಗುರನ್ನು ಗಿಡ್ಡವಾಗಿಡುವುದು ಧೈರ್ಯದ ಕೆಲಸವಲ್ಲ, ವಾರಗಳ ಲೆಕ್ಕದ ಕೆಲಸ.

ಬಿಳಿ ಉಗುರಿನ ನಾಯಿ ಸಿಕ್ಕವರು ಪುಣ್ಯವಂತರು. ಬೆಳಕಿಗೆ ಹಿಡಿದರೆ ಒಳಗೆ ಗುಲಾಬಿ ಬಣ್ಣದ ಎಳೆ ಕಾಣುತ್ತದೆ. ಕಾಣದಿದ್ದರೆ ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿಯಿರಿ. ಗುಲಾಬಿ ಮುಗಿದಲ್ಲಿಂದ 2 ಮಿಲಿಮೀಟರ್ ಮುಂದೆ ನಿಲ್ಲಿಸಿದರೆ ಆಯಿತು. ನಮ್ಮ ನಾಡನಾಯಿಗಳಲ್ಲಿ, ಡ್ಯಾಶ್‌ಹೌಂಡ್, ಡಾಬರ್‌ಮನ್‌ಗಳಲ್ಲಿ ಸಾಮಾನ್ಯವಾಗಿ ಉಗುರು ಕಪ್ಪು. ಅಲ್ಲಿ ಟಾರ್ಚು ಕೆಲಸಕ್ಕೆ ಬಾರದು. ಒಂದೇ ನಾಯಿಯಲ್ಲಿ ಎರಡು ಬಿಳಿ, ಉಳಿದವು ಕಪ್ಪು ಇದ್ದರೆ ಬಿಳಿಯದನ್ನು ಮೊದಲು ನೋಡಿಕೊಳ್ಳಿ. ಅದೇ ಪಾದದ ಕರಿ ಉಗುರಿನ ಜೀವವೂ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿರುತ್ತದೆ.

ಕರಿ ಉಗುರಿಗೆ ಇನ್ನೊಂದು ಗುರುತಿದೆ. ಪಾದವನ್ನು ಮಗುಚಿ ಉಗುರಿನ ಅಡಿಭಾಗ ನೋಡಿ. ತುದಿಯ ಕಡೆ ತೆಂಗಿನ ಮಟ್ಟೆಯ ಒಳಮೈಯಂತೆ ತೋಡಿಕೊಂಡು, ಎರಡು ಬದಿಯಲ್ಲೂ ಅಂಚು ಎದ್ದಿರುತ್ತದೆ. ಬುಡದ ಕಡೆ ಬಂದಂತೆ ಆ ತೋಡು ತುಂಬಿಕೊಂಡು ಗಟ್ಟಿಯಾಗುತ್ತದೆ. ತೋಡು ಮುಗಿಯುವ ಜಾಗದ ಹತ್ತಿರವೇ ಜೀವ ಶುರುವಾಗುತ್ತದೆ. ಬರೀ ತೋಡಿರುವ ತುದಿಯನ್ನಷ್ಟೇ ಕತ್ತರಿಸಿದರೆ ಅಪಾಯ ತೀರಾ ಕಡಿಮೆ.

ಬೇಕಾದ ಸಾಮಾನು

ಕಟರ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ಇಕ್ಕಳದಂತೆ ಎರಡು ಬಾಗಿದ ಅಲಗು ಇರುವುದು ಒಂದು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ದೊಡ್ಡ ನಾಡನಾಯಿಗೆ ಇದೇ ಸರಿ. ಉಂಗುರದೊಳಗೆ ಉಗುರು ತೂರಿಸಿ, ಒಂದು ಅಲಗು ಜಾರಿ ಬಂದು ಕತ್ತರಿಸುವುದು ಇನ್ನೊಂದು. ಸಣ್ಣ ನಾಯಿಗೆ ಆದೀತು. ಉಂಗುರದ ಕಟರ್‌ನಲ್ಲಿ ಜಾರುವ ಅಲಗು ಉಗುರಿನ ತುದಿಯ ಕಡೆಗಿರಬೇಕು. ತಿರುಗಿಸಿ ಹಿಡಿದರೆ ನೀವು ಅಂದುಕೊಂಡದ್ದಕ್ಕಿಂತ ಒಳಗೆ ಕತ್ತರಿಸುತ್ತದೆ. ಬಳೆಯಾಗಿ ಸುತ್ತಿದ ಹೆಬ್ಬೆರಳಿನ ಉಗುರು ಉಂಗುರದೊಳಗೆ ಹೋಗುವುದೇ ಇಲ್ಲ, ಅದಕ್ಕೆ ಇಕ್ಕಳದ ಬಗೆಯೇ ಬೇಕು. ಮನುಷ್ಯರ ನೇಲ್ ಕಟರ್ ಎರಡು ಮೂರು ತಿಂಗಳ ಮರಿಗೆ ನಡೆಯುತ್ತದೆ. ದೊಡ್ಡ ನಾಯಿಯ ದುಂಡನೆಯ ಉಗುರನ್ನು ಅದು ಚಪ್ಪಟೆಯಾಗಿ ಅದುಮಿ ಸೀಳಿಬಿಡುತ್ತದೆ.

ಕೆಲವು ಕಟರ್‌ಗಳಲ್ಲಿ ಅಲಗಿನ ಹಿಂದೆ ಒಂದು ತಡೆಪಟ್ಟಿ ಇರುತ್ತದೆ, ಇಷ್ಟಕ್ಕಿಂತ ಹೆಚ್ಚು ಉಗುರು ಒಳಗೆ ಹೋಗದಂತೆ. ಅದನ್ನು ನಂಬಿ ಕೂರಬೇಡಿ. ನಿಮ್ಮ ನಾಯಿಯ ಉಗುರಿನ ಜೀವ ಎಲ್ಲಿದೆ ಅನ್ನುವುದು ಆ ಪಟ್ಟಿಗೆ ಗೊತ್ತಿರುವುದಿಲ್ಲ.

ಅಲಗು ಹರಿತವಾಗಿರಬೇಕು ಅನ್ನುವುದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಮೊಂಡು ಅಲಗು ಕತ್ತರಿಸುವ ಮುಂಚೆ ಉಗುರನ್ನು ಹಿಂಡುತ್ತದೆ. ಜೀವಕ್ಕೆ ತಾಗದಿದ್ದರೂ ಆ ಹಿಂಡುವಿಕೆಯೇ ನೋವು. ‘ತುದಿ ಮಾತ್ರ ಕತ್ತರಿಸಿದರೂ ನಮ್ಮ ನಾಯಿ ಕಿರುಚುತ್ತೆ’ ಅನ್ನುವವರ ಮನೆಯಲ್ಲಿ ಮೊದಲು ಅಲಗನ್ನು ನೋಡಬೇಕು. ತೆಂಗಿನಕಡ್ಡಿ ಪೊರಕೆಯ ಒಂದು ಕಡ್ಡಿಯನ್ನು ಕತ್ತರಿಸಿ ನೋಡಿ. ಒಂದೇ ಏಟಿಗೆ ನಯವಾಗಿ ತುಂಡಾದರೆ ಸರಿ. ನಾರು ಬಿಟ್ಟುಕೊಂಡು ಜಜ್ಜಿದಂತೆ ಆದರೆ ಆ ಕಟರ್ ಬೇಡ.

ಇನ್ನುಳಿದದ್ದು: ಒಂದು ಅರ (ಇಲ್ಲವೇ ಹಾರ್ಡ್‌ವೇರ್ ಅಂಗಡಿಯ 100 ನಂಬರಿನ ಉಪ್ಪುಕಾಗದ), ಕಾಲಡಿ ಜಾರದಂತೆ ಹಾಸಲು ಒಂದು ಗೋಣಿಚೀಲ, ಹತ್ತಿ, ಶುದ್ಧ ಬಟ್ಟೆ, ಮತ್ತು ರಕ್ತ ನಿಲ್ಲಿಸುವ ಪುಡಿ. ಸಾಕುಪ್ರಾಣಿ ಸಾಮಾನಿನ ಅಂಗಡಿಯಲ್ಲಿ ಸ್ಟಿಪ್ಟಿಕ್ ಪೌಡರ್ ಎಂದು ಕೇಳಿ. ಸಿಗದಿದ್ದರೆ ಎರಡು ಚಮಚ ಕಾರ್ನ್‌ಫ್ಲೋರ್ ಅಥವಾ ಮೈದಾ ಒಂದು ಬಟ್ಟಲಲ್ಲಿ ಹಾಕಿಟ್ಟುಕೊಳ್ಳಿ. ಕ್ಷೌರದಂಗಡಿಯಲ್ಲಿ ಬಳಸುವ ಪಟಿಕವೂ ರಕ್ತ ನಿಲ್ಲಿಸುತ್ತದೆ, ಉರಿಯುತ್ತದೆ ಅನ್ನುವುದೊಂದೇ ಅದರ ತೊಂದರೆ. ಪುಡಿ ಕೈಗೆಟುಕುವಲ್ಲಿ ಇಲ್ಲದೆ ಮೊದಲ ಉಗುರನ್ನೂ ಮುಟ್ಟಬೇಡಿ. ರಕ್ತ ಬಂದ ಮೇಲೆ ಡಬ್ಬ ಹುಡುಕಲು ಓಡಿದರೆ ನಾಯಿ ಮನೆಯೆಲ್ಲ ಓಡಾಡಿರುತ್ತದೆ.

ತಿನಿಸಿಗೆ ಬೇಯಿಸಿದ ಕೋಳಿಯ ಸಣ್ಣ ಚೂರು, ಬೆಂದ ಮೊಟ್ಟೆ ಸಾಕು. ಚಿಕ್ಕಬಳ್ಳಾಪುರ ದ್ರಾಕ್ಷಿ ಬೆಳೆಯುವ ಸೀಮೆ, ಮನೆಯಲ್ಲಿ ಸದಾ ಹಣ್ಣಿರುತ್ತದೆ ಎಂದು ಒಂದೊಂದೇ ದ್ರಾಕ್ಷಿ ಕೊಡುತ್ತ ಕೂರಬೇಡಿ. ದ್ರಾಕ್ಷಿಯೂ ಒಣದ್ರಾಕ್ಷಿಯೂ ನಾಯಿಯ ಮೂತ್ರಪಿಂಡಕ್ಕೆ ವಿಷ. ಎಷ್ಟು ತಿಂದರೆ ಅಪಾಯ ಅನ್ನುವುದು ನಾಯಿಯಿಂದ ನಾಯಿಗೆ ಬೇರೆಯಾದ್ದರಿಂದ ಒಂದನ್ನೂ ಕೊಡದಿರುವುದೇ ಸರಿ.

ಕಟರ್ ತೆಗೆಯುವ ಮುಂಚಿನ ಹತ್ತು ದಿನ

ಅಂಗಡಿಯಿಂದ ಕಟರ್ ತಂದ ದಿನವೇ ನಾಯಿಯನ್ನು ಹಿಡಿದು ಕೂರುವುದರಿಂದಲೇ ಬಹುಪಾಲು ತೊಂದರೆ ಶುರುವಾಗುತ್ತದೆ. ಪಾದ ಮುಟ್ಟಿಸಿಕೊಳ್ಳುವುದು ಹೆಚ್ಚಿನ ನಾಯಿಗಳಿಗೆ ಹಿಡಿಸುವುದಿಲ್ಲ. ಮೊದಲ ಮೂರು ನಾಲ್ಕು ದಿನ, ನಾಯಿ ಮಲಗಿ ವಿಶ್ರಮಿಸುತ್ತಿರುವಾಗ ಭುಜದಿಂದ ಕೈ ಇಳಿಸುತ್ತ ಪಾದಕ್ಕೆ ತನ್ನಿ, ಒಂದೊಂದು ಬೆರಳನ್ನೂ ಮೆಲ್ಲಗೆ ಒತ್ತಿ, ಒಂದು ಚೂರು ತಿನಿಸು ಕೊಡಿ. ಮುಟ್ಟಿದ ಮೇಲೆ ತಿನಿಸು. ತಿನಿಸು ತೋರಿಸಿ ಆಮೇಲೆ ಮುಟ್ಟುವುದಲ್ಲ. ಕ್ರಮ ಉಲ್ಟಾ ಆದರೆ ನಾಯಿ ತಿನಿಸನ್ನೇ ಅನುಮಾನಿಸಲು ಕಲಿಯುತ್ತದೆ. ಇದೇ ಹೊತ್ತಿನಲ್ಲಿ ಬೆರಳ ಸಂದಿಯಲ್ಲಿ ನೆಗ್ಗಿಲು ಮುಳ್ಳು, ರಕ್ತ ಹೀರುವ ಉಣ್ಣೆ ಇದೆಯೇ ಎಂದೂ ನೋಡಿಕೊಳ್ಳಬಹುದು.

ಆಮೇಲಿನ ಮೂರು ನಾಲ್ಕು ದಿನ ಕಟರ್ ಪಕ್ಕದಲ್ಲಿಟ್ಟುಕೊಳ್ಳಿ. ನಾಯಿ ಮೂಸಲಿ. ಕಟರ್‌ನ ಬೆನ್ನನ್ನು ಉಗುರಿಗೆ ತಾಗಿಸಿ ತಿನಿಸು ಕೊಡಿ. ಸದ್ದಿಗೆ ಹೆದರುವ ನಾಯಿಗೆ ಮತ್ತೆ ಅದೇ ಪೊರಕೆಕಡ್ಡಿ ಕೆಲಸಕ್ಕೆ ಬರುತ್ತದೆ. ಅದರ ಪಾದದ ಹತ್ತಿರ ಕಡ್ಡಿಯನ್ನು ಚಟ್ ಎಂದು ಕತ್ತರಿಸಿ, ತಕ್ಷಣ ಒಂದು ಚೂರು ಕೊಡಿ. ಹತ್ತು ಹದಿನೈದು ಕಡ್ಡಿ ಆಗುವಷ್ಟರಲ್ಲಿ ಆ ಸದ್ದು ಕೇಳಿದರೆ ನಾಯಿ ನಿಮ್ಮ ಕೈ ನೋಡಲು ಶುರುಮಾಡುತ್ತದೆ. ನಿಮ್ಮ ಕೈಗೂ ಅಭ್ಯಾಸವಾಗುತ್ತದೆ.

ಬಾಯಿ ಚಪ್ಪರಿಸುವುದು, ಆಕಳಿಸುವುದು, ಮುಖ ಅತ್ತ ತಿರುಗಿಸಿ ಕಣ್ಣಂಚಿನಲ್ಲಿ ನೋಡುವುದು, ಮೈ ಸೆಟೆದುಕೊಳ್ಳುವುದು: ಇವೆಲ್ಲ ‘ಸಾಕು’ ಅನ್ನುವ ಮಾತುಗಳು. ಅಲ್ಲಿಗೇ ನಿಲ್ಲಿಸಿ, ಮರುದಿನ ಒಂದು ಮೆಟ್ಟಿಲು ಹಿಂದಿನಿಂದ ಶುರುಮಾಡಿ. ಗುರ್ ಅಂದದ್ದಕ್ಕೆ ಹೊಡೆಯಬಾರದು. ಹೊಡೆದರೆ ಅದು ಗುರುಗುಟ್ಟುವುದನ್ನು ಬಿಡುತ್ತದೆ, ಭಯ ಬಿಡುವುದಿಲ್ಲ. ಮುಂದಿನ ಸಲ ಮುನ್ಸೂಚನೆ ಇಲ್ಲದೆ ಕಚ್ಚುತ್ತದೆ.

ಹಿಡಿಯುವುದು

ಎತ್ತಿಗೆ ಲಾಳ ಕಟ್ಟುವಾಗ ಹಗ್ಗ ಹಾಕಿ ಕೆಡವಿ ನಾಲ್ಕೂ ಕಾಲು ಕಟ್ಟುತ್ತಾರೆ. ಅದನ್ನು ನೋಡಿ ಬೆಳೆದವರು ನಾಯಿಯನ್ನೂ ಕೆಡವಿ ಅದುಮಲು ಹೋಗುವುದುಂಟು. ಬೇಡ. ನಾಯಿ ಬೆದರಿದಷ್ಟೂ ಒದ್ದಾಡುತ್ತದೆ, ಒದ್ದಾಡಿದಷ್ಟೂ ಅಲಗು ಜಾರುತ್ತದೆ.

ಹಗಲಿನಲ್ಲಿ, ಒಳ್ಳೆಯ ನಡಿಗೆ ಮುಗಿಸಿ ಬಂದು ನೀರು ಕುಡಿದು ಮಲಗುವ ಹೊತ್ತನ್ನು ಆರಿಸಿಕೊಳ್ಳಿ. ದೀಪ ಹಚ್ಚಿದ ಮೇಲೆ ಉಗುರು ಕತ್ತರಿಸಬಾರದು ಅನ್ನುವ ಹಿರಿಯರ ಮಾತನ್ನು ನಾಯಿಯ ವಿಷಯದಲ್ಲಂತೂ ಪಾಲಿಸಲೇಬೇಕು, ಕರಿ ಉಗುರಿನ ಒಳಬಣ್ಣ ಬಲ್ಬಿನ ಬೆಳಕಿನಲ್ಲಿ ಗೊತ್ತಾಗುವುದಿಲ್ಲ. ಬೇಸಿಗೆಯಲ್ಲಿ ಒಣಗಿದ ಉಗುರು ಸಿಡಿದು ಸೀಳುತ್ತದೆ. ಸ್ನಾನದ ನಂತರವೋ, ಪಾದವನ್ನು ಐದು ಹತ್ತು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿಟ್ಟು ಒರೆಸಿದ ಮೇಲೋ ಮೆತ್ತಗಾಗುತ್ತದೆ. ಪಟಾಕಿ ಸದ್ದಿರುವ ದಿನಗಳಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ.

ಸಣ್ಣ ನಾಯಿಯನ್ನು ತೊಡೆಯ ಮೇಲೆ, ಬೆನ್ನು ನಿಮ್ಮ ಎದೆಗೆ ಒರಗುವಂತೆ ಕೂರಿಸಿಕೊಳ್ಳಿ. ದೊಡ್ಡದಾದರೆ ಗೋಣಿಚೀಲದ ಮೇಲೆ ಮಗ್ಗುಲಾಗಿ ಮಲಗಿಸಿ. ಮನೆಯಲ್ಲಿ ಇನ್ನೊಬ್ಬರಿದ್ದರೆ ಅವರು ನಾಯಿಯ ತಲೆಯ ಕಡೆ ಕೂತು, ಒಂದು ಕೈ ಕುತ್ತಿಗೆಯ ಕೆಳಗಿಂದ, ಇನ್ನೊಂದು ಪಕ್ಕೆಯ ಮೇಲಿಂದ ಹಾಕಿ ಮೆಲ್ಲಗೆ ಅಪ್ಪಿಕೊಳ್ಳಲಿ. ಸ್ಟೀಲ್ ತಟ್ಟೆಗೆ ಗಟ್ಟಿ ಮೊಸರು ಸವರಿ ಮುಂದೆ ಹಿಡಿದರೆ ನಾಯಿ ನೆಕ್ಕುತ್ತಿರುವಷ್ಟು ಹೊತ್ತು ನಾಲ್ಕೈದು ಉಗುರು ಮುಗಿಯುತ್ತದೆ.

ಕಾಲನ್ನು ಅದು ಸಹಜವಾಗಿ ಮಡಚುವ ದಿಕ್ಕಿನಲ್ಲೇ ಎತ್ತಬೇಕು, ಪಕ್ಕಕ್ಕೆ ಎಳೆಯಬಾರದು. ನಾಯಿಯ ಭುಜಕ್ಕೂ ಸೊಂಟಕ್ಕೂ ನಮ್ಮ ತೋಳಿನ ಹಾಗೆ ಪಕ್ಕಕ್ಕೆ ಚಾಚುವ ಸಡಿಲಿಕೆ ಇಲ್ಲ. ಮುದಿ ನಾಯಿ ಕಾಲು ಕಿತ್ತುಕೊಳ್ಳುವುದು ಎಷ್ಟೋ ಸಲ ಉಗುರಿನ ಭಯದಿಂದಲ್ಲ, ಕೀಲಿನ ನೋವಿನಿಂದ. ಹಿಂಗಾಲನ್ನು ಹಿಂದಕ್ಕೆ ಮಡಚಿ ಹಿಡಿದರೆ ಅಂಗಾಲು ಮೇಲ್ಮುಖವಾಗಿ ಚೆನ್ನಾಗಿ ಕಾಣುತ್ತದೆ. ಪಾದ ಕೈಗೆ ಬಂದ ಮೇಲೆ ಹೆಬ್ಬೆರಳಿನಿಂದ ಮೆತ್ತೆಯನ್ನು ಕೆಳಗಿನಿಂದ, ತೋರುಬೆರಳಿನಿಂದ ಬೆರಳನ್ನು ಮೇಲಿನಿಂದ ಒತ್ತಿದರೆ ಉಗುರು ಮುಂದಕ್ಕೆ ಚಾಚಿ ನಿಲ್ಲುತ್ತದೆ. ಸುತ್ತಲಿನ ಕೂದಲನ್ನು ಹಿಂದಕ್ಕೆ ಸರಿಸಿ. ಅಲಗಿಗೆ ಸಿಕ್ಕಿದ ಕೂದಲು ಎಳೆದಾಗ ಆಗುವ ನೋವನ್ನೂ ನಾಯಿ ಉಗುರಿನ ಲೆಕ್ಕಕ್ಕೇ ಬರೆದುಕೊಳ್ಳುತ್ತದೆ.

ಒಂದು ಕರಿ ಉಗುರು, ಐದು ಚೂರು

ಅಲಗನ್ನು ಉಗುರಿಗೆ ಅಡ್ಡಲಾಗಿ, ಅಂಗಾಲಿನ ಕಡೆಯಿಂದ ಮೇಲಕ್ಕೆ ಸುಮಾರು 45 ಡಿಗ್ರಿ ಓರೆಯಲ್ಲಿ ಹಿಡಿಯಿರಿ. ಕತ್ತರಿಸಿದ ಮೇಲೆ ಆ ಮುಖ, ನಾಯಿ ನಿಂತಾಗ ನೆಲಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ ಬರಬೇಕು. ಒಂದು ಸಲಕ್ಕೆ ತೆಗೆಯುವುದು ಒಂದು ಮಿಲಿಮೀಟರ್, ಹೆಚ್ಚೆಂದರೆ ಎರಡು. ಗುರಿ ಹಿಡಿಯುವಾಗ ನಿಧಾನ, ಹಿಡಿಕೆ ಒತ್ತುವಾಗ ಒಂದೇ ಏಟು. ಹೆದರುತ್ತ ಮೆಲ್ಲಮೆಲ್ಲಗೆ ಒತ್ತಿದರೆ ಹರಿತವಾದ ಅಲಗೂ ಉಗುರನ್ನು ಹಿಂಡುತ್ತದೆ.

ಮೊದಲ ಚೂರು ಬಿದ್ದ ಮೇಲೆ ಪಾದವನ್ನು ತಿರುಗಿಸಿ ಕತ್ತರಿಸಿದ ಮುಖ ನೋಡಿ. ಸೀಮೆಸುಣ್ಣದಂತೆ ಬೆಳ್ಳಗೆ, ಒಣಕಲಾಗಿ, ಪುಡಿಪುಡಿಯಾಗಿ ಕಾಣುತ್ತದೆ, ಸುತ್ತ ಕಪ್ಪು ಅಂಚು. ಇಲ್ಲಿ ಜೀವ ಇನ್ನೂ ದೂರ. ಎರಡನೇ ಚೂರಿಗೂ ಅದೇ ನೋಟ. ಮೂರನೆಯದಕ್ಕೆ ನಡುಭಾಗ ಬೂದು ಬಣ್ಣಕ್ಕೆ ತಿರುಗಿ, ಪುಡಿತನ ಕಡಿಮೆಯಾಗಿ ಸ್ವಲ್ಪ ನಯವಾಗುತ್ತದೆ. ಇನ್ನು ಮುಂದಿನ ಚೂರು ಹಿಂದಿನದರ ಅರ್ಧದಷ್ಟೇ ಇರಲಿ. ನಾಲ್ಕನೆಯದಕ್ಕೆ ಬೂದು ಭಾಗ ದುಂಡಗಾಗಿ, ತುಸು ಹೊಳಪು ಬರುತ್ತದೆ. ಐದನೆಯ ತೆಳುಪದರ ತೆಗೆದಾಗ ನಟ್ಟನಡುವೆ ಸಾಸಿವೆಗಿಂತ ಚಿಕ್ಕದೊಂದು ಕಪ್ಪು ಚುಕ್ಕೆ ಕಂಡೀತು. ಮುಟ್ಟಿದರೆ ಒಣಗಿರುವುದಿಲ್ಲ, ಮೇಣದ ಹಾಗೆ ಮೆತ್ತಗೆ, ಹಸಿಹಸಿ. ಜೀವದ ತುದಿ ಅದರ ಹಿಂದೆಯೇ ಇದೆ. ಅಲ್ಲಿಗೆ ನಿಲ್ಲಿಸಿ. ಬಿಳಿ ಉಗುರಿನಲ್ಲಿ ಇದೇ ಜಾಗ ನಸುಗುಲಾಬಿಯಾಗಿ ಕಾಣುತ್ತದೆ.

ಎಲ್ಲ ಉಗುರಿಗೂ ಐದು ಚೂರಾಗಬೇಕೆಂದಿಲ್ಲ. ಕೆಲವಕ್ಕೆ ಒಂದಕ್ಕೇ ಬೂದು ಕಾಣುತ್ತದೆ. ಲೆಕ್ಕಕ್ಕೆ ಬರುವುದು ಚೂರಿನ ಸಂಖ್ಯೆಯಲ್ಲ, ಪ್ರತಿ ಚೂರಿನ ನಂತರ ಮುಖ ನೋಡುವ ಅಭ್ಯಾಸ. ರಕ್ತ ಬರಿಸಿಕೊಂಡವರಲ್ಲಿ ಹೆಚ್ಚಿನವರು ಈ ನೋಡುವ ಕೆಲಸವನ್ನೇ ಬಿಟ್ಟಿರುತ್ತಾರೆ. ಮೊದಲ ಉಗುರು ಸುಲಭವಾಗಿ ಆಯಿತೆಂದು ಎರಡನೆಯದನ್ನು ಅಂದಾಜಿನ ಮೇಲೆ ಒಂದೇ ಏಟಿಗೆ ತೆಗೆಯುತ್ತಾರೆ.

ಒಟ್ಟು ಉಗುರು ಸಾಮಾನ್ಯವಾಗಿ 18: ಮುಂಗಾಲಿನಲ್ಲಿ ಐದೈದು, ಹಿಂಗಾಲಿನಲ್ಲಿ ನಾಲ್ಕು ನಾಲ್ಕು. ಕೆಲವು ನಾಯಿಗಳಿಗೆ ಹಿಂಗಾಲಿನಲ್ಲೂ ಹೆಬ್ಬೆರಳಿರುತ್ತದೆ, ತಡಕಿ ನೋಡಿ. ಹದಿನೆಂಟನ್ನೂ ಒಂದೇ ಸಲಕ್ಕೆ ಮುಗಿಸಬೇಕೆಂಬ ಹಟ ಬೇಡ. ದಿನಕ್ಕೊಂದು ಪಾದವಾದರೂ ನಾಲ್ಕು ದಿನದಲ್ಲಿ ಮುಗಿಯುತ್ತದೆ. ಹೆಬ್ಬೆರಳಿನದನ್ನು ಮಾತ್ರ ಮೊದಲೇ ಮಾಡಿಬಿಡಿ, ಮರೆತುಹೋಗುವುದು ಯಾವಾಗಲೂ ಅದೇ. ಕೊನೆಯಲ್ಲಿ ಚೂಪಾದ ಅಂಚನ್ನು ಅರದಿಂದ ಒಂದೇ ದಿಕ್ಕಿಗೆ ಉಜ್ಜಿ ದುಂಡಗೆ ಮಾಡಿ. ಸೋಫಾ, ಸೀರೆಯ ಸೆರಗು, ಮಕ್ಕಳ ತೊಡೆ ಎಲ್ಲಕ್ಕೂ ಅದು ಒಳ್ಳೆಯದು.

ಬ್ಯಾಟರಿಯ ಉಜ್ಜುವ ಯಂತ್ರ, ಅಂದರೆ ಗ್ರೈಂಡರ್, ಕರಿ ಉಗುರಿಗೆ ನಿಜಕ್ಕೂ ಅನುಕೂಲ. ಸ್ವಲ್ಪಸ್ವಲ್ಪವೇ ಸವೆಯುವುದರಿಂದ ಕೈ ಮೀರುವುದು ಕಡಿಮೆ. ಆದರೆ ಅದು ಬಿಸಿಯಾಗುತ್ತದೆ. ಒಂದು ಸಲಕ್ಕೆ ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿಯಬೇಡಿ, ಕಡಿಮೆ ವೇಗದಲ್ಲೇ ಓಡಿಸಿ. ಪಾದದ ಕೂದಲು ತಿರುಗುವ ತಲೆಗೆ ಸುತ್ತಿಕೊಳ್ಳದಂತೆ ಹಳೆಯ ಕಾಲುಚೀಲದಲ್ಲಿ ತೂತು ಮಾಡಿ, ಉಗುರು ಮಾತ್ರ ಹೊರಬರುವಂತೆ ತೊಡಿಸಿ. ಉಗುರಿನ ಪುಡಿ ಮೂಗಿಗೆ ಹೋಗದಂತೆ ನೀವು ಮಾಸ್ಕ್ ಹಾಕಿಕೊಳ್ಳಿ.

ರಕ್ತ ಬಂದರೆ

ಎಷ್ಟೇ ಎಚ್ಚರವಿದ್ದರೂ ಒಂದಲ್ಲ ಒಂದು ದಿನ ತಾಗುತ್ತದೆ. ಬಿಳಿ ಟೈಲ್ಸ್ ಮೇಲೆ ಹತ್ತು ಹನಿ ರಕ್ತ ಬಿದ್ದರೂ ಬಟ್ಟಲು ಚೆಲ್ಲಿದಂತೆ ಕಾಣುತ್ತದೆ. ಗಾಬರಿಯಾಗಬೇಡಿ, ಕೂಗಬೇಡಿ, ನಾಯಿ ನಿಮ್ಮ ದನಿಯನ್ನೇ ನೋಡುತ್ತಿರುತ್ತದೆ. ಪಾದ ಬಿಡದೆ ಹಿಡಿದು, ಬಟ್ಟೆಯಿಂದ ಒಮ್ಮೆ ಒರೆಸಿ, ಅಂಗೈಯಲ್ಲಿ ಒಂದು ಚಿಟಿಕೆ ಪುಡಿ ಹಾಕಿಕೊಂಡು ಉಗುರಿನ ತುದಿಯನ್ನು ಅದಕ್ಕೆ ಒತ್ತಿ. ಕಾರ್ನ್‌ಫ್ಲೋರ್ ಆದರೆ ಎರಡರಿಂದ ಐದು ನಿಮಿಷ ಒತ್ತಿಯೇ ಹಿಡಿಯಬೇಕು. ನಿಂತಿತೇ ಎಂದು ನಡುನಡುವೆ ತೆಗೆದು ನೋಡಿದರೆ ಆಗತಾನೇ ಹೆಪ್ಪುಗಟ್ಟಿದ್ದು ಕಿತ್ತುಬರುತ್ತದೆ. ಪುಡಿ ಏನೂ ಇಲ್ಲದಿದ್ದರೆ ಒಣ ಸೋಪಿನ ಬಿಲ್ಲೆಗೆ ಉಗುರನ್ನು ಚುಚ್ಚಿ ಹಿಡಿಯಬಹುದು.

ಗಾಯಕ್ಕೆ ಕಾಫಿಪುಡಿ ಮೆತ್ತುವುದು ನಮ್ಮ ಕಡೆಯ ಹಳೆಯ ರೂಢಿ. ನಾಯಿಗೆ ಬೇಡ. ಅದು ಪಾದ ನೆಕ್ಕಿಯೇ ನೆಕ್ಕುತ್ತದೆ, ಕೆಫೀನ್ ಅದಕ್ಕೆ ಆಗುವುದಿಲ್ಲ. ಎಲೆಅಡಿಕೆಯ ಸುಣ್ಣ, ಸೀಮೆಎಣ್ಣೆ ಎರಡೂ ಸುಡುತ್ತವೆ. ಬೆರಳಿಗೆ ದಾರವನ್ನೋ ರಬ್ಬರ್ ಬ್ಯಾಂಡನ್ನೋ ಬಿಗಿದು ಮರೆತರೆ ಬೆರಳಿನ ಜೀವವೇ ಹೋಗುತ್ತದೆ. ನೋವಿಗೆಂದು ಮನುಷ್ಯರ ಮಾತ್ರೆ ಕೊಡಬಾರದು. ಐಬುಪ್ರೊಫೆನ್‌ನಿಂದ ನಾಯಿಯ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡ ಕೆಡುತ್ತದೆ.

ನಿಂತ ಮೇಲೆ ಅರ್ಧ ಗಂಟೆ ಓಡಾಡಲು ಬಿಡಬೇಡಿ. ಒಂದು ದಿನ ಕೊಟ್ಟಿಗೆಯ ಗಂಜಲ, ಕೆಸರು ಸೋಕದಿರಲಿ. ಶಿಡ್ಲಘಟ್ಟ, ಚಿಂತಾಮಣಿ ಕಡೆ ರೇಷ್ಮೆ ಸಾಕುವ ಮನೆಗಳಲ್ಲಿ ಹುಳುಮನೆಯ ನೆಲಕ್ಕೆ ಸುಣ್ಣ, ಬ್ಲೀಚಿಂಗ್ ಪುಡಿ ಉದುರಿಸಿರುತ್ತಾರೆ. ಕೊಯ್ದುಕೊಂಡ ಉಗುರಿಗೆ ಅದು ವಿಪರೀತ ಉರಿ, ಅತ್ತ ಸುಳಿಯದಂತೆ ನೋಡಿಕೊಳ್ಳಿ.

ಹತ್ತು ಹದಿನೈದು ನಿಮಿಷ ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ ತೊಂದರೆ ಬರೀ ಉಗುರಿನದಲ್ಲದೆ ಇರಬಹುದು. ಉಣ್ಣೆ ಕಡಿತದಿಂದ ಬರುವ ಜ್ವರದಲ್ಲಿ ರಕ್ತದ ಪ್ಲೇಟ್‌ಲೆಟ್ ಕುಸಿದಿರುತ್ತದೆ, ರಕ್ತ ಹೆಪ್ಪುಗಟ್ಟುವುದಿಲ್ಲ. ಹೊಲದಲ್ಲೋ ಉಗ್ರಾಣದಲ್ಲೋ ಇಟ್ಟ ಇಲಿಪಾಷಾಣ ತಿಂದಿದ್ದರೂ ಹೀಗಾಗುತ್ತದೆ. ಮೈಮೇಲೆ ಕೆಂಪು ಚುಕ್ಕೆ, ಮೂಗಿನಲ್ಲಿ ರಕ್ತ, ಊಟ ಬಿಟ್ಟು ಮಂಕಾಗಿರುವುದು ಕಂಡರೆ ಅದೇ ದಿನ ಪಶುವೈದ್ಯರ ಹತ್ತಿರ ಹೋಗಿ ರಕ್ತ ಪರೀಕ್ಷೆ ಮಾಡಿಸಬೇಕು. ಉಣ್ಣೆ ಜ್ವರಕ್ಕೆ ಚಿಕಿತ್ಸೆ ನಡೆಯುತ್ತಿರುವ ನಾಯಿಯ ಉಗುರನ್ನು, ವೈದ್ಯರು ಸರಿ ಅನ್ನುವವರೆಗೆ ಮುಟ್ಟಲೇಬೇಡಿ.

ಈ ಗಲಾಟೆಯಲ್ಲಿ ನಿಮಗೆ ಹಲ್ಲು ತಾಗಿದರೆ, ರಕ್ತ ಬರುವಂತೆ ಉಗುರು ಪರಚಿದರೂ ಸರಿ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ನಾಯಿಗೆ ರೇಬಿಸ್ ಲಸಿಕೆ ಆಗಿದೆಯೋ ಇಲ್ಲವೋ ಅನ್ನುವುದನ್ನು ಅಲ್ಲಿ ಹೇಳಿ, ಚುಚ್ಚುಮದ್ದು ಬೇಕೋ ಬೇಡವೋ ಎಂದು ವೈದ್ಯರು ತೀರ್ಮಾನಿಸಲಿ.

ಬಹಳ ಬೆಳೆದುಬಿಟ್ಟಿದ್ದರೆ

ಬೀದಿಯಿಂದ ತಂದು ಮನೆಯೊಳಗೇ ಸಾಕಿದ ನಾಯಿ, ವರ್ಷಗಟ್ಟಲೆ ಸರಪಳಿಯಲ್ಲಿದ್ದ ನಾಯಿ, ಇವುಗಳ ಉಗುರು ಗಿಳಿಯ ಕೊಕ್ಕಿನಂತೆ ಬಾಗಿರುತ್ತದೆ. ಇಲ್ಲಿ ವಾರಕ್ಕೊಮ್ಮೆ, ಕಪ್ಪು ಚುಕ್ಕೆ ಕಾಣುವವರೆಗೆ ಮಾತ್ರ ತೆಗೆಯಿರಿ. ಜೊತೆಗೆ ಅರದಿಂದ ಉಗುರಿನ ಮೇಲುಭಾಗ, ಎರಡು ಪಕ್ಕ ಸ್ವಲ್ಪ ತೆಳುವಾಗುವಂತೆ ಉಜ್ಜಿ. ಸುತ್ತಲಿನ ಕವಚ ಕಡಿಮೆಯಾದಂತೆ ಜೀವ ಹಿಂದೆ ಸರಿಯುತ್ತದೆ. ಒಂದೆರಡು ತಿಂಗಳಲ್ಲಿ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ.

ಕಟರ್ ಅಂದರೆ ಹೆದರಿ ನಡುಗುವ ನಾಯಿಗೆ ಉಪ್ಪುಕಾಗದದ ಹಲಗೆ ಮಾಡಿಕೊಡಿ. ಸುಮಾರು ಒಂದಡಿ ಅಗಲ, ಎರಡಡಿ ಉದ್ದದ ಹಲಗೆಗೆ 80 ನಂಬರಿನ ಉಪ್ಪುಕಾಗದ ಅಂಟಿಸಿ, ಓರೆಯಾಗಿ ನಿಲ್ಲಿಸಿ, ಅದರಡಿ ತಿನಿಸು ಹಿಡಿದರೆ ನಾಯಿ ಮುಂಗಾಲಿನಿಂದ ಕೆರೆಯುತ್ತದೆ. ನಾಲ್ಕೈದು ಕೆರೆತಕ್ಕೊಮ್ಮೆ ನಿಲ್ಲಿಸಿ ಉಗುರು, ಮೆತ್ತೆ ನೋಡಿ. ನಡುವಿನ ಎರಡು ಬೆರಳಿನ ಉಗುರು ಬೇಗ ಸವೆಯುತ್ತವೆ, ಅಂಚಿನವು ನಿಧಾನ; ಹೆಬ್ಬೆರಳು ಇದರಲ್ಲೂ ಸವೆಯುವುದಿಲ್ಲ. ಹಿಂಗಾಲಿಗೆ ಈ ಉಪಾಯ ಅಷ್ಟಾಗಿ ನಡೆಯದು.

ಸುತ್ತಿ ಚರ್ಮದೊಳಗೆ ಇಳಿದ ಉಗುರು, ಬುಡದಿಂದ ಸೀಳಿ ನೇತಾಡುತ್ತಿರುವ ಉಗುರು, ಊದಿಕೊಂಡು ಕೀವಿರುವ ಬೆರಳು, ಬೇರೆಬೇರೆ ಕಾಲಿನ ಹಲವು ಉಗುರು ತಾನಾಗಿಯೇ ಕಳಚುತ್ತಿರುವುದು: ಇವು ಮನೆಯ ಕೆಲಸವಲ್ಲ, ಪಶು ಆಸ್ಪತ್ರೆಯದು. ಮುಟ್ಟಿದರೆ ಕಚ್ಚಲು ಬರುವ ನಾಯಿಗೂ ಅಷ್ಟೇ. ತೂಕ ನೋಡಿ ಮಂಪರಿನ ಔಷಧ ಕೊಡುವುದು ವೈದ್ಯರಿಗೆ ಗೊತ್ತು. ಮನೆಯವರ ನಿದ್ದೆಮಾತ್ರೆ ಮುರಿದು ಹಾಕುವ ಪ್ರಯೋಗ ಬೇಡವೇ ಬೇಡ. ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗೆ ಬಟ್ಟೆಯಿಂದ ಬಾಯಿ ಕಟ್ಟಬಾರದು, ಉಸಿರು ಸಿಕ್ಕಿಹಾಕಿಕೊಳ್ಳುತ್ತದೆ.

ಒಮ್ಮೆ ಹದಕ್ಕೆ ಬಂದ ಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ ಕತ್ತರಿಸಿದರೆ ಸಾಕು. ಗೋಡೆಯ ಕ್ಯಾಲೆಂಡರ್‌ನಲ್ಲಿ ಆ ದಿನಕ್ಕೆ ಗುರುತು ಹಾಕಿ, ಯಾವ ಪಾದದ ಯಾವ ಉಗುರಿಗೆ ಎಷ್ಟರಲ್ಲಿ ಚುಕ್ಕೆ ಕಂಡಿತು ಅನ್ನುವುದನ್ನೂ ಪಕ್ಕದಲ್ಲೇ ಬರೆದಿಡಿ; ಮುಂದಿನ ಸಲ ಕೈ ನಡುಗುವುದಿಲ್ಲ. ಕೆಲಸ ಮುಗಿದ ಕೂಡಲೇ ಅಲಗನ್ನು ಒರೆಸಿ, ಕೀಲಿಗೆ ಒಂದು ಹನಿ ಹೊಲಿಗೆಯಂತ್ರದ ಎಣ್ಣೆ ಬಿಟ್ಟು, ಪುಡಿಯ ಡಬ್ಬದ ಜೊತೆಯಲ್ಲೇ ಎತ್ತಿಡಿ.